ಪಕ್ಕದ ಮನೆ ಅಜ್ಜಿಯನ್ನು ಕೂಡಿಹಾಕಿ ಹೋಗುತ್ತಾರೆ, ದೂರು ಕೊಡಬೇಕಾ? ಎಲ್ಲಿ ಕೊಡಬೇಕು?

ಹಿತ್ತಲಗಿಡ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಊರಿನ ಹೆಸರು ಬೇಡ, ಒಂದು ಜಿಲ್ಲಾ ಕೇಂದ್ರ ಅಂದುಕೊಳ್ಳಿ. ನಾವು ಇಲ್ಲಿಗೆ ಬಾಡಿಗೆಗೆ ಬಂದು ಎಂಟು ತಿಂಗಳಾಯಿತು. ಪಕ್ಕದ ಮನೆಯ ತಾರಸಿ ಮೇಲೆ ಶೀಟು ಹೊದಿಸಿದ ಒಂದು ರೂಮಿದೆ, ನಮ್ಮ ಅಡುಗೆಮನೆ ಕಿಟಕಿಗೆ ನೇರ ಎದುರು. ಅದರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಂಬತ್ತರ ಹತ್ತಿರ ಇರಬಹುದು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಆ ರೂಮಿಗೆ ಹೊರಗಿನಿಂದ ಬೀಗ ಬೀಳುತ್ತದೆ. ತೆಗೆಯುವುದು ಸಂಜೆ ಆರೂವರೆಗೋ ಏಳಕ್ಕೋ.

ಮರೆವಿನ ಕಾಯಿಲೆ ಇರಬೇಕು, ಅದಕ್ಕೇ ಬೀಗ ಅಂತ ಮೊದಲು ಸುಮ್ಮನಿದ್ದೆ. ಆದರೆ ಅಜ್ಜಿ ಚೆನ್ನಾಗಿಯೇ ಮಾತಾಡುತ್ತಾರೆ. ನನ್ನ ಮಗಳ ಹೆಸರು, ಅವಳ ಪರೀಕ್ಷೆ ಯಾವತ್ತು ಅನ್ನೋದು ಕೂಡ ನೆನಪಿದೆ. ಹೋದ ವಾರ ಬಿಸಿಲು ಜೋರಿತ್ತಲ್ವಾ, ಮಧ್ಯಾಹ್ನ ಎರಡು ಗಂಟೆಗೆ ಸ್ಟೀಲ್ ಲೋಟವನ್ನು ಕಿಟಕಿ ಸರಳಿಗೆ ಬಡಿದು ಕರೆದರು. "ನೀರು ಮುಗೀತು ಮಗಾ" ಅಂದರು. ಎರಡು ಕಿಟಕಿಗಳ ನಡುವೆ ನಾಲ್ಕಡಿ ಇರಬಹುದು. ನೆಲ ಒರೆಸುವ ಕೋಲಿನ ತುದಿಗೆ ಬಾಟಲಿ ಕಟ್ಟಿ ದಾಟಿಸಿದೆ.

ಮೊನ್ನೆ ನೋಡಿದರೆ ಎಡತೋಳಿನ ಮೇಲ್ಭಾಗದಲ್ಲಿ ಕಪ್ಪಗೆ ಕಲೆ. ಕೇಳಿದ್ದಕ್ಕೆ "ಬಿದ್ದೆ" ಅಂದರು, ಮುಖ ಆ ಕಡೆ ತಿರುಗಿಸಿಕೊಂಡರು.

ನನಗೇನೂ ಖಚಿತ ಇಲ್ಲ. ಬೇರೆಯವರ ಮನೆ ಸುದ್ದಿ ನಮಗೇಕೆ ಅನ್ನುತ್ತಾರೆ ನಮ್ಮ ಯಜಮಾನರು. ನಾನು ಅಂದುಕೊಂಡಿದ್ದೇ ಸುಳ್ಳಾದರೆ? ಹೇಳಿದ್ದು ನಾವೇ ಅಂತ ಗೊತ್ತಾದರೆ? ಮನೆ ಓನರ್ ಬೇರೆ ಅವರ ಸಂಬಂಧಿಕರು.

ಬೆಲ್ಲದಚ್ಚು · ಸೋಮವಾರ, ರಾತ್ರಿ 11:05

ನಿಮ್ಮ ಯಜಮಾನರು ಹೇಳಿದ್ದೇ ಸರಿ ಮೇಡಂ. ನಮ್ಮ ಬೀದಿಯಲ್ಲಿ ಒಬ್ಬರು ಹೀಗೇ ಪೊಲೀಸರನ್ನು ಕರೆಸಿದರು. ಪೊಲೀಸರು ಬಂದು ಕೇಳಿದರೆ ಅಜ್ಜಿ "ನನ್ನ ಮಗ ಚಿನ್ನ" ಅಂದುಬಿಟ್ಟರು. ಫೋನ್ ಮಾಡಿದವರು ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿದರು.

ವಾರ್ಡ್‌ನಂಬರ್‌ಆರು · ಮಂಗಳವಾರ, ಬೆಳಿಗ್ಗೆ 6:20

ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಪ್ಪತ್ತೆರಡು ವರ್ಷದಿಂದ ನರ್ಸ್.

ಕಲೆ ವಿಷಯ ಮೊದಲು. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆ ಇದ್ದಂತೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಮುಂಗೈ ಮೇಲೆ, ಮೊಣಕೈ ಕೆಳಗೆ ಏನೂ ತಾಗದಿದ್ದರೂ ನೇರಳೆ ಬಣ್ಣದ ಕಲೆ ಏಳುತ್ತದೆ. ಅದನ್ನು ನೋಡಿ ಹೊಡೆದಿದ್ದಾರೆ ಅಂತ ಹೇಳಲಾಗುವುದಿಲ್ಲ. ಆದರೆ ನೀವು ಹೇಳಿದ್ದು ತೋಳಿನ ಮೇಲ್ಭಾಗ. ಬಿದ್ದವರಿಗೆ ಸಾಮಾನ್ಯವಾಗಿ ಪೆಟ್ಟಾಗುವುದು ಮೊಣಕೈ, ಮಂಡಿ, ಸೊಂಟ, ಹಣೆಗೆ. ತೋಳಿನ ಮೇಲ್ಭಾಗ ಯಾರಾದರೂ ಗಟ್ಟಿಯಾಗಿ ಹಿಡಿಯುವ ಜಾಗ. ಸಾಲಾಗಿ ಬೆರಳಿನಗಲದ ಮೂರ್ನಾಲ್ಕು ಗುರುತು ಇದ್ದರೆ ನಾನಂತೂ ಡಾಕ್ಟರಿಗೆ ತೋರಿಸುತ್ತೇನೆ.

ಇನ್ನೊಂದು ಮಾತು. ಮಗ ಪಕ್ಕದಲ್ಲಿ ನಿಂತಿದ್ದರೆ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ. ಬೆಲ್ಲದಚ್ಚು ಅವರು ಹೇಳಿದ ಅಜ್ಜಿಯನ್ನು ಪೊಲೀಸರು ಮಗನ ಎದುರಿಗೇ ಕೇಳಿರುತ್ತಾರೆ, ಬೇಕಾದರೆ ಪಂಥ. ನಾನು ಮಗನ ಕೈಗೆ ಔಷಧಿ ಚೀಟಿ ಕೊಟ್ಟು ಮೊದಲು ಕೆಳಗೆ ಕಳಿಸುತ್ತೇನೆ. ಬಟ್ಟೆ ಬದಲಿಸುವಾಗ ಮೆಲ್ಲಗೆ ಕೇಳುತ್ತೇನೆ. "ಯಾರು ಹೊಡೆದರು" ಅಂತ ಅಲ್ಲ. "ಮನೆಯಲ್ಲಿ ಊಟ ಎಷ್ಟು ಹೊತ್ತಿಗೆ ಅಜ್ಜಿ? ಯಾರು ಬಡಿಸುತ್ತಾರೆ? ರಾತ್ರಿ ಎದ್ದರೆ ಯಾರನ್ನು ಕರೀತೀರಿ?" ಇಷ್ಟು ಸಾಕು. ಮುಂದಿನದು ತಾನಾಗಿ ಬರುತ್ತದೆ. ಗಾಯ ಸಂಶಯ ಹುಟ್ಟಿಸುವಂತಿದ್ದರೆ ಡಾಕ್ಟರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ದಾಖಲೆ, ಮಾಡುತ್ತಾರೆ, ಪೊಲೀಸರಿಗೆ ಆಸ್ಪತ್ರೆಯಿಂದಲೇ ಸುದ್ದಿ ಹೋಗುತ್ತದೆ. ಆಗ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ.

ಪಡುಬಿದ್ರೆಬಸ್ · ಮಂಗಳವಾರ, ಬೆಳಿಗ್ಗೆ 9:12

ಅಕ್ಕ, 14567ಕ್ಕೆ ಫೋನ್ ಮಾಡಿ. ಎಲ್ಡರ್‌ಲೈನ್ ಅಂತ, ಹಿರಿಯರ ಸಹಾಯವಾಣಿ, ಕೇಂದ್ರ ಸರ್ಕಾರದ್ದು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಬೆಂಗಳೂರಾಗಿದ್ದರೆ 1090 ಕೂಡ ಇದೆ. ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರೂ ಸೇರಿ 2002ರಿಂದ ನಡೆಸುತ್ತಿದ್ದಾರೆ. ಕಣ್ಣೆದುರೇ ಹೊಡೆಯುತ್ತಿದ್ದರೆ, ಒಳಗೆ ಅಜ್ಜಿ ಪ್ರಜ್ಞೆ ಇಲ್ಲದೆ ಬಿದ್ದಿದ್ದರೆ ಇದೆಲ್ಲ ಯೋಚನೆ ಮಾಡುತ್ತಾ ಕೂರಬೇಡಿ, ನೇರ 112.

ನಾನು ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ತಾತನ ವಿಷಯಕ್ಕೆ ಮಾಡಿದ್ದೆ. ಆ ಹುಡುಗಿ ಕೇಳಿದ್ದು ಇಷ್ಟೇ: ಹಿರಿಯರಿಗೆ ಎಷ್ಟು ವಯಸ್ಸು, ಯಾರ ಜೊತೆ ಇದ್ದಾರೆ, ನೀವು ಕಣ್ಣಾರೆ ಏನು ನೋಡಿದಿರಿ, ಎಷ್ಟು ಸಲ, ಈಗ ಜೀವಕ್ಕೆ ಅಪಾಯ ಇದೆಯಾ. "ನನಗನಿಸುತ್ತೆ" ಅಂತ ಶುರು ಮಾಡಿದೆ. "ಅನಿಸಿದ್ದು ಆಮೇಲೆ ಹೇಳಿ ಸರ್, ನೋಡಿದ್ದು ಹೇಳಿ" ಅಂದಳು. ನನ್ನ ಹೆಸರು ಆ ಮನೆಯವರಿಗೆ ಹೇಳಬೇಡಿ ಅಂತ ಕೇಳಿಕೊಂಡೆ, ಒಪ್ಪಿದರು. ನೀವೂ ಮೊದಲೇ ಕೇಳಿಕೊಳ್ಳಿ.

ಖಚಿತ ಇಲ್ಲ ಅಂದಿರಲ್ವಾ. ಖಚಿತ ಮಾಡಿಕೊಳ್ಳುವುದು ಅವರ ಕೆಲಸ. ಬೀಗ, ನೀರು, ಕಲೆ, ಈ ಮೂರನ್ನು ತಾರೀಖಿನ ಜೊತೆ ಹೇಳಿದರೆ ನಿಮ್ಮ ಕೆಲಸ ಮುಗಿಯಿತು.

ಚಕ್ರವ್ಯೂಹ · ಮಂಗಳವಾರ, ಬೆಳಿಗ್ಗೆ 9:50

ಇಷ್ಟೆಲ್ಲ ಯಾಕೆ? ಕಿಟಕಿಯಿಂದ ವಿಡಿಯೊ ಮಾಡಿ ಫೇಸ್‌ಬುಕ್‌ಗೆ ಹಾಕಿ. ಸಂಜೆಯೊಳಗೆ ಟಿವಿಯವರೇ ಬರುತ್ತಾರೆ.

ವಾರ್ಡ್‌ನಂಬರ್‌ಆರು · ಮಂಗಳವಾರ, ಬೆಳಿಗ್ಗೆ 10:02

ಟಿವಿಯವರು ಸಂಜೆ ಹೋಗುತ್ತಾರೆ. ರಾತ್ರಿ ಅಜ್ಜಿ ಅದೇ ಮನೆಯಲ್ಲಿ ಮಲಗಬೇಕು ತಮ್ಮಾ.

ಸೊಸೆನಾನೇ · ಮಂಗಳವಾರ, ಮಧ್ಯಾಹ್ನ 2:30

ಇದನ್ನು ಬರೆಯಬೇಕೋ ಬೇಡವೋ ಅಂತ ಬೆಳಗಿನಿಂದ ಯೋಚಿಸುತ್ತಿದ್ದೆ. ನಾನೂ ಬೀಗ ಹಾಕಿದವಳೇ.

ನಮ್ಮ ಅತ್ತೆಗೆ ಮರೆವಿನ ಕಾಯಿಲೆ. ಎರಡು ಸಲ ಬಾಗಿಲು ತೆಗೆದುಕೊಂಡು ಹೈವೇವರೆಗೂ ಹೋಗಿದ್ದರು. ಒಂದು ಸಲ ಲಾರಿ ಡ್ರೈವರ್ ಕರೆದುಕೊಂಡು ಬಂದು ಬಿಟ್ಟರು. ಊಟ ಮಾಡಿ ಹತ್ತು ನಿಮಿಷಕ್ಕೆ "ನನಗೆ ಊಟ ಹಾಕಿಲ್ಲ" ಅಂತ ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಯಾರೋ ದೂರು ಕೊಟ್ಟರು. ಇಬ್ಬರು ಪೊಲೀಸರು ಗೇಟಿನಲ್ಲಿ ನಿಂತು "ಅತ್ತೆಗೆ ಊಟ ಹಾಕಲ್ವಂತೆ" ಅಂದಾಗ ನನ್ನ ಕೈಯಲ್ಲಿ ಅವರು ಒದ್ದೆ ಮಾಡಿಕೊಂಡ ಸೀರೆ ಇತ್ತು. ಅವತ್ತಿಗೆ ನಾನು ಸರಿಯಾಗಿ ನಿದ್ದೆ ಮಾಡಿ ವರ್ಷವಾಗಿತ್ತು. ನಮ್ಮ ಯಜಮಾನರ ಅಕ್ಕ, ತಂಗಿ ಯಾರೂ ಒಂದು ವಾರ ಇಟ್ಟುಕೊಂಡವರಲ್ಲ. ಅವರ ಮನೆಗೆ ಯಾವ ಪೊಲೀಸರೂ ಹೋಗಲಿಲ್ಲ.

ಆದರೆ ನಿಜ ಹೇಳುತ್ತೇನೆ. ನಾನೂ ಒಂದೆರಡು ಸಲ ಕೈ ಎತ್ತಿದ್ದೆ. ಸ್ನಾನಕ್ಕೆ ಬರಲ್ಲ ಅಂತ ಹಟ ಮಾಡಿದಾಗ ರಟ್ಟೆ ಹಿಡಿದು ಎಳೆದಿದ್ದೆ. ಆ ದೂರಿನಿಂದಲೇ ಒಬ್ಬ ಮೇಡಂ ಮನೆಗೆ ಬಂದರು, ಕಾಯಿಲೆ ಏನು ಅಂತ ನನಗೆ ಕೂರಿಸಿ ಹೇಳಿದರು. 14416 ಅಂತ ಟೆಲಿ ಮಾನಸ್ ನಂಬರ್ ಕೊಟ್ಟರು, ಮಾನಸಿಕ ಆರೋಗ್ಯದ ಸಹಾಯವಾಣಿ. ಅದು ಕಾಯಿಲೆಯವರಿಗೆ ಮಾತ್ರ ಅಂದುಕೊಂಡಿದ್ದೆ, ನೋಡಿಕೊಳ್ಳುವವರೂ ಮಾತಾಡಬಹುದಂತೆ. ಕನ್ನಡದಲ್ಲೇ ಮಾತಾಡಿದರು. ಅವತ್ತು ಫೋನ್ ಇಟ್ಟು ತುಂಬ ಅತ್ತುಬಿಟ್ಟೆ.

ದೂರು ಕೊಡಿ. ಬೇಡ ಅನ್ನಲ್ಲ. ಆದರೆ ಕೊಡುವಾಗ "ಸೊಸೆ ರಾಕ್ಷಸಿ" ಅನ್ನಬೇಡಿ. ಹಗಲು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಅನ್ನುವುದನ್ನೂ ಹೇಳಿ. ಆದರೆ ಮೊದಲು ಅವರ ಹತ್ತಿರವೇ ಒಂದು ಮಾತು ಕೇಳಿ ನೋಡಬಹುದಲ್ವಾ?

ಪಡುಬಿದ್ರೆಬಸ್ · ಮಂಗಳವಾರ, ಮಧ್ಯಾಹ್ನ 3:15

ಅಕ್ಕ, ನಿಮ್ಮ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ಆದರೆ ಕೊನೆಯದನ್ನು ಒಪ್ಪಲಾರೆ. ಹೊಡೆಯುವ ಸಂಶಯ ಇರುವ ಕಡೆ ಮೊದಲು ಅವರನ್ನೇ ಕೇಳಿದರೆ ಆ ಸಿಟ್ಟೆಲ್ಲ ತಿರುಗುವುದು ಅಜ್ಜಿ ಮೇಲೆ. "ಪಕ್ಕದವರ ಹತ್ತಿರ ಏನು ಚಾಡಿ ಹೇಳಿದೆ" ಅಂತ. ಕಿಟಕಿಗೆ ರಟ್ಟು ಹೊಡೆದರೆ ಆ ನೀರಿನ ಬಾಟಲಿಯೂ ನಿಂತಿತು.

ನಿವೃತ್ತಕೇಸ್‌ವರ್ಕರ್ · ಮಂಗಳವಾರ, ಸಂಜೆ 7:40

ನಾನು ಎಸಿ (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಕೇಸ್ ವರ್ಕರ್ ಆಗಿದ್ದವನು. ಹಿರಿಯ ನಾಗರಿಕರ ಫೈಲುಗಳು ನನ್ನ ಟೇಬಲ್ಲಿಗೇ ಬರುತ್ತಿದ್ದವು. ಇಲ್ಲಿ ಎರಡು ಮೂರು ವಿಷಯ ಕಲಸಿಹೋಗಿವೆ, ಬಿಡಿಸಿ ಹೇಳುತ್ತೇನೆ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆ ಅಂದರೆ ಜನ ಪೊಲೀಸ್ ಕೇಸು ಅಂದುಕೊಳ್ಳುತ್ತಾರೆ. ಅದು ಮುಖ್ಯವಾಗಿ ಎಸಿಯವರ ಮುಂದೆ ನಡೆಯುವ ವಿಚಾರಣೆ. ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿಯ ಅಧ್ಯಕ್ಷರು. ಊಟ, ಬಟ್ಟೆ, ಔಷಧಿ, ಇರಲು ಜಾಗ, ಇವಕ್ಕೆ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ನೋಟಿಸ್ ತಲುಪಿದ ಮೇಲೆ 90 ದಿನದಲ್ಲಿ ಮುಗಿಸಬೇಕು, ತೀರಾ ಕಾರಣ ಇದ್ದರೆ ಇನ್ನೊಂದು 30 ದಿನ. ಎಸಿ ಆದೇಶ ಸರಿಯಿಲ್ಲ ಅನಿಸಿದರೆ ಹಿರಿಯರು ಡಿಸಿ ಬಳಿ ಮೇಲ್ಮನವಿಗೆ ಹೋಗಬಹುದು, 60 ದಿನದೊಳಗೆ. ಅರ್ಜಿಗೆ ಬಿಳಿ ಹಾಳೆ ಸಾಕು. ಬಾಂಡ್ ಪೇಪರು, ಟೈಪಿಂಗ್ ಅಂತ ಕಚೇರಿ ಎದುರಿನ ಮರದ ಕೆಳಗೆ ಕೂತವರಿಗೆ ದುಡ್ಡು ಸುರಿಯಬೇಡಿ.

ಅರ್ಜಿ ಅಜ್ಜಿಯೇ ಕೊಡಬೇಕು. ಅವರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಯಾರಾದರೂ ಕೊಡಬಹುದು, ಪಕ್ಕದ ಮನೆಯವರೂ ಸರಿ. ಅದೂ ಆಗದಿದ್ದರೆ ನ್ಯಾಯಮಂಡಳಿ ತಾನಾಗಿಯೇ ಕೈಗೆತ್ತಿಕೊಳ್ಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಜಿಲ್ಲೆಯಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಧಿಕಾರಿ ಇರುತ್ತಾರೆ, ಅವರ ವರದಿ ಎಸಿ ಟೇಬಲ್ಲಿಗೆ ಬಂದರೆ ತೂಕ ಬೇರೆ.

24ನೇ ಕಲಂ ಹಾಕಿ ಮಗನನ್ನು ಒಳಗೆ ಹಾಕಿಸಿ ಅಂತ ಬರುವವರು ಜಾಸ್ತಿ. ಆ ಕಲಂ ಹಿರಿಯರನ್ನು ಎಲ್ಲೋ ಪೂರ್ತಿ ಕೈಬಿಟ್ಟು ಹೋದವರಿಗೆ. ಬಸ್‌ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯಲ್ಲಿ ಬಿಟ್ಟು ಮಾಯವಾಗುತ್ತಾರಲ್ಲ, ಅಂಥವರಿಗೆ. ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಗಲು ಬೀಗ ಹಾಕುವುದಕ್ಕೆ ಅದು ಹೊಂದುವುದಿಲ್ಲ. ಅದು ಅಕ್ರಮ ಬಂಧನ, ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ. ಹೊಡೆತ ಇದ್ದರೆ 115. ಇವೆರಡೂ ಪೊಲೀಸರ ಕೆಲಸ, ಎಸಿಯವರದಲ್ಲ.

ಮತ್ತೆ, ಇವರು ಹೆಂಗಸು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೆಂಡತಿಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ತಾಯಿಯೂ ಆ ಕಾಯ್ದೆಯಡಿ ರಕ್ಷಣೆ ಕೇಳಬಹುದು. ಅದರ 4ನೇ ಕಲಂ ನಿಮ್ಮಂಥವರಿಗೇ ಬರೆದಂತಿದೆ ಮೇಡಂ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಅಂತ ನಂಬಲು ಕಾರಣ ಇರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ಬೇರಾರೂ ಅಲ್ಲ, ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಹತ್ತಿರದ ಅಂಗನವಾಡಿ ಟೀಚರನ್ನು ಕೇಳಿದರೆ ಆಫೀಸು ಎಲ್ಲಿ ಅಂತ ಹೇಳುತ್ತಾರೆ.

ಹಿತ್ತಲಗಿಡ · ಮಂಗಳವಾರ, ರಾತ್ರಿ 9:30

ಎಲ್ಲರಿಗೂ ಥ್ಯಾಂಕ್ಸ್. ಸೊಸೆನಾನೇ ಅಕ್ಕ, ನಿಮ್ಮದನ್ನು ಎರಡು ಸಲ ಓದಿದೆ. ಸರ್, ಒಂದು ಪ್ರಶ್ನೆ. ಆ ಮನೆ ಅಜ್ಜಿಯ ಹೆಸರಲ್ಲಿತ್ತಂತೆ, ನಾಲ್ಕು ವರ್ಷದ ಹಿಂದೆ ಮಗನಿಗೆ ದಾನಪತ್ರ ಆಗಿದೆಯಂತೆ. ಹೂ ಮಾರುವ ಹೆಂಗಸು ಹೇಳಿದ್ದು. ಅಲ್ಲಿಯವರೆಗೆ ಅಜ್ಜಿ ಕೆಳಗಿನ ಮನೆಯಲ್ಲೇ ಇದ್ದರಂತೆ.

ನಿವೃತ್ತಕೇಸ್‌ವರ್ಕರ್ · ಮಂಗಳವಾರ, ರಾತ್ರಿ 10:10

ನನಗೆ ಅದೇ ವಾಸನೆ ಬಂದಿತ್ತು. ಹತ್ತು ಫೈಲು ತೆಗೆದರೆ ಆರೇಳರಲ್ಲಿ ಇದೇ ಕತೆ ಕಂಡಿದ್ದೇನೆ. ರಿಜಿಸ್ಟರ್ ಆಗುವವರೆಗೆ ಅಮ್ಮ ನಡುಮನೆಯಲ್ಲಿ, ಆದ ಮೇಲೆ ತಾರಸಿಯಲ್ಲಿ.

2007ರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ನ್ಯಾಯಮಂಡಳಿ ಅನೂರ್ಜಿತ ಅಂತ ಘೋಷಿಸಬಹುದು. ತಕರಾರು ಇರುವುದು ಆ ಷರತ್ತಿನಲ್ಲೇ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಷರತ್ತು ಇತ್ತು ಅಂತ ತೋರಿಸಲೇಬೇಕು ಅಂದಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಕೇಸಿನಲ್ಲಿ, ಈ ಕಾಯ್ದೆ ಹಿರಿಯರಿಗಾಗಿ ಇರುವುದು, ಅವರ ಕಡೆ ವಾಲಿಯೇ ಓದಬೇಕು ಅಂತ ಹೇಳಿ ದಾನಪತ್ರ ರದ್ದು ಮಾಡಿತು. ಹಾಗಾಗಿ ದಾನಪತ್ರದ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ತೆಗೆಸಿ ಓದಬೇಕು. "ನನ್ನ ಜೀವಿತಾವಧಿಯವರೆಗೆ ಪಾಲನೆ ಪೋಷಣೆ ಮಾಡತಕ್ಕದ್ದು" ಅಂತ ಒಂದು ಸಾಲು ಸಿಕ್ಕರೆ ಬಂಗಾರ.

ಆದರೆ ಇದು ನಾಳಿನ ಮಾತು. ಇವತ್ತಿನದು ಬೀಗ.

ಅಂಚೆಯಣ್ಣ · ಬುಧವಾರ, ಬೆಳಿಗ್ಗೆ 8:05

ಪಿಂಚಣಿ ಯಾರ ಕೈಗೆ ಹೋಗುತ್ತದೆ ಅಂತ ನೋಡಿದಿರಾ? ನಾನು ಪೋಸ್ಟ್‌ಮ್ಯಾನ್. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಹಿಡಿದು ಮನೆ ಮನೆಗೆ ಹೋಗುವವನು. ಮಿಷನ್ ಮೇಲೆ ಅಜ್ಜಿಯ ಬೆರಳು ಒತ್ತಿಸುತ್ತಾರೆ, ನೋಟು ಮೊಮ್ಮಗ ಎಣಿಸಿಕೊಳ್ಳುತ್ತಾನೆ. ದುಡಿದು ಸವೆದ ಬೆರಳು, ರೇಖೆ ಬೇಗ ಹತ್ತುವುದಿಲ್ಲ. ನಾಲ್ಕು ಸಲ ಒತ್ತಿಸಿದರೆ "ಸರಿಯಾಗಿ ಇಡೇ ಮುದುಕಿ" ಅಂತ ನನ್ನ ಎದುರಿಗೇ ಗದರುತ್ತಾರೆ. ಎದುರಿಗೇ ಹೀಗಾದರೆ ಹಿಂದೆ ಹೇಗೋ.

ಈಗ ನಾನೊಂದು ಪದ್ಧತಿ ಮಾಡಿಕೊಂಡಿದ್ದೇನೆ. ದುಡ್ಡು ಅಜ್ಜಿಯ ಅಂಗೈ ಮೇಲೇ ಎಣಿಸಿ ಇಡುತ್ತೇನೆ, ಎಷ್ಟು ಅಂತ ಜೋರಾಗಿ ಹೇಳುತ್ತೇನೆ. ಆಮೇಲೆ ಅವರು ಯಾರಿಗಾದರೂ ಕೊಡಲಿ. ಕನಿಷ್ಠ ಬಂದಿದ್ದು ಎಷ್ಟು ಅಂತ ಅವರಿಗೆ ಗೊತ್ತಿರುತ್ತದೆ. ನಿಮ್ಮ ಬೀದಿಯ ಪೋಸ್ಟ್‌ಮ್ಯಾನನ್ನು ವಿಚಾರಿಸಿ. ಯಾವ ಮನೆಯಲ್ಲಿ ಯಾವ ಮುದುಕರು ಎಲ್ಲಿ ಮಲಗುತ್ತಾರೆ ಅಂತ ನಮಗೆ ಗೊತ್ತಿರುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೇ.

ಮಸ್ಕತ್‌ಕನ್ನಡಿಗ · ಬುಧವಾರ, ಮಧ್ಯಾಹ್ನ 1:20

ಅಡ್ಡ ಬಂದಿದ್ದಕ್ಕೆ ಕ್ಷಮಿಸಿ. ಊರಲ್ಲಿ ದೊಡ್ಡಮ್ಮ ಇದ್ದಾರೆ, ಮಕ್ಕಳಿಲ್ಲ. ಆಸ್ತಿ ಎಲ್ಲ ಮೈದುನನ ಮಗ ಉಳುತ್ತಿದ್ದಾನೆ, ಊಟ ಸರಿಯಾಗಿ ಕೊಡುತ್ತಿಲ್ಲ ಅಂತ ಸುದ್ದಿ. ಇಲ್ಲಿಂದ 14567 ಒತ್ತಿದರೆ ತಾಗುವುದಿಲ್ಲ. ಏನು ಮಾಡಲಿ?

ನಿವೃತ್ತಕೇಸ್‌ವರ್ಕರ್ · ಬುಧವಾರ, ಮಧ್ಯಾಹ್ನ 2:00

ಊರಲ್ಲಿರುವ ನಿಮ್ಮವರು ಯಾರಾದರೂ ಒತ್ತಲಿ. ಡಿಸಿ ಕಚೇರಿಗೆ ಇಮೇಲ್ ಹಾಕಿ, ಅದರಲ್ಲಿ ದೊಡ್ಡಮ್ಮನ ಹೆಸರು, ವಯಸ್ಸು, ಗ್ರಾಮ, ಹೋಬಳಿ ಬರೆಯಿರಿ. "ನಮ್ಮ ಊರಿನಲ್ಲಿ" ಅಂತ ಬರೆದರೆ ಯಾವ ಊರು ಅಂತ ಹುಡುಕುವವರು ಯಾರು? ಮಕ್ಕಳಿಲ್ಲದ ಹಿರಿಯರ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರೂ ಅವರನ್ನು ನೋಡಿಕೊಳ್ಳಬೇಕು ಅಂತ ಇದೇ ಕಾಯ್ದೆಯಲ್ಲಿದೆ. ಮಗನಲ್ಲ ಅಂತ ಹೇಳಿದ ಮಾತ್ರಕ್ಕೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹಿತ್ತಲಗಿಡ · ಮುಂದಿನ ಸೋಮವಾರ, ರಾತ್ರಿ 10:15

ಬುಧವಾರ 14567ಕ್ಕೆ ಫೋನ್ ಮಾಡಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಬೀಗ ಹಾಕಿದ ಹೊತ್ತು, ತೆಗೆದ ಹೊತ್ತು ಬರೆದಿಟ್ಟಿದ್ದೆ, ಅದನ್ನೇ ಓದಿ ಹೇಳಿದೆ. ಎರಡು ದಿನ ಯಾರೂ ಬರಲಿಲ್ಲ. ಶುಕ್ರವಾರ ಮತ್ತೆ ಮಾಡಿ, ಬಿಸಿಲಿಗೆ ಶೀಟು ಕಾಯುತ್ತದೆ, ಒಳಗೆ ಫ್ಯಾನಿಲ್ಲ ಅಂದೆ. ಶನಿವಾರ ಇಬ್ಬರು ಬಂದರು, ಒಬ್ಬರು ಹೆಂಗಸು. ಜಾಣರು. ನೇರ ಆ ಮನೆಗೆ ಹೋಗಲಿಲ್ಲ. ಹಿರಿಯರ ಯೋಗಕ್ಷೇಮ ವಿಚಾರಿಸುತ್ತಿದ್ದೇವೆ ಅಂತ ಮೂಲೆ ಮನೆಯ ತಾತನನ್ನು ಮಾತಾಡಿಸಿ, ಆಮೇಲೆ ಅಲ್ಲಿಗೆ ಹೋದರು. ಗಂಡಸು ಕೆಳಗೆ ಮಗನ ಜೊತೆ ಕೂತರು, ಆ ಮೇಡಂ ಒಬ್ಬರೇ ಮೇಲೆ ಹತ್ತಿದರು. ಕಿಟಕಿಯಿಂದ ನನಗೆ ಕಂಡಿದ್ದು ಇಷ್ಟು: ಮೇಡಂ ಮಂಚದ ಮೇಲೆ ಕೂರದೆ ನೆಲದ ಮೇಲೆ ಕೂತರು. ಅಜ್ಜಿ ಮಂಚದಲ್ಲಿ. ಮುಕ್ಕಾಲು ಗಂಟೆ.

ಅಜ್ಜಿ ಮಗನ ಮೇಲೆ ಒಂದು ಮಾತೂ ಆಡಲಿಲ್ಲವಂತೆ. "ಅವನನ್ನ ಸ್ಟೇಷನ್ ಹತ್ತಿಸಬೇಡಿ" ಅಂದರಂತೆ. ತೋಳು ಕೇಳಿದ್ದಕ್ಕೆ "ಎಳೆದಾಗ" ಅಂದವರು ಯಾರು ಎಳೆದಿದ್ದು ಅಂತ ಹೇಳಲಿಲ್ಲ. ಭಾನುವಾರದಿಂದ ಬೀಗ ಇಲ್ಲ, ಚಿಲಕ ಮಾತ್ರ, ಅದೂ ಒಳಗಿನಿಂದ. ಮಧ್ಯಾಹ್ನ ಊಟಕ್ಕೆ ಪಕ್ಕದ ಬೀದಿಯಿಂದ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದಾರೆ. ಟೇಬಲ್ ಫ್ಯಾನ್ ಬಂದಿದೆ. ಮತ್ತೆ ಬರುತ್ತೇವೆ ಅಂತ ಹೇಳಿ ಹೋಗಿದ್ದಾರೆ.

ಸೊಸೆ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಅವಳಿಗೆ ಗೊತ್ತಾಗಿದೆ ಅನಿಸುತ್ತೆ. ಆ ಕಿಟಕಿ ನಮ್ಮದೊಂದಕ್ಕೇ ತಾನೇ ಕಾಣುವುದು.

ಬೆಲ್ಲದಚ್ಚು · ಸೋಮವಾರ, ರಾತ್ರಿ 10:50

ನಾನು ಹೇಳಿದ್ದು ಇದನ್ನೇ. ಆದರೂ ಬೀಗ ಹೋಯಿತಲ್ಲ, ಒಳ್ಳೆಯದಾಯಿತು ಬಿಡಿ.

ವಾರ್ಡ್‌ನಂಬರ್‌ಆರು · ಮಂಗಳವಾರ, ಬೆಳಿಗ್ಗೆ 6:45

ಕಿಟಕಿ ಮುಚ್ಚಬೇಡಿ. ಹಬ್ಬಕ್ಕೆ ಹೋಳಿಗೆಯೋ ಪಾಯಸವೋ ಮಾಡಿದರೆ ಆ ಸೊಸೆಗೂ ಒಂದು ಡಬ್ಬಿ ಕೊಟ್ಟು ಬನ್ನಿ. ತಗೊಳ್ಳದಿದ್ದರೂ ಪರವಾಗಿಲ್ಲ. ಕ್ಯಾಲೆಂಡರ್‌ನಲ್ಲಿ ಬರೆಯುವುದನ್ನು ಮಾತ್ರ ಇನ್ನೂ ಮೂರು ತಿಂಗಳು ನಿಲ್ಲಿಸಬೇಡಿ. ಬೀಗ ವಾಪಸ್ ಬಂದಿದ್ದನ್ನು ನೋಡಿದ್ದೇನೆ.

ಹಿತ್ತಲಗಿಡ · ಭಾನುವಾರ, ಸಂಜೆ 5:30

ಇವತ್ತು ಅಜ್ಜಿಯೇ ಕರೆದರು. ಮಗ ಸೊಸೆ ಮದುವೆಗೆ ಹೋಗಿದ್ದರು. "ಆ ಹುಡುಗಿ ಏನೋ ಅರ್ಜಿ ಅಂದಳಲ್ಲ, ಹೇಗೆ ಬರೀಬೇಕು" ಅಂದರು. ಎಸಿಯವರಿಗೆ ಬರೆಯುವುದು, ಜೈಲಿಗಲ್ಲ, ನಿಮ್ಮ ಊಟ ಔಷಧಿಗೆ, ಕೆಳಗೆ ಒಂದು ರೂಮಿಗೆ ಅಂತ ಎರಡು ಸಲ ಹೇಳಿದೆ. ಅವರು ಹೇಳುತ್ತಾ ಹೋದರು, ನಾನು ಈ ಕಿಟಕಿಯಲ್ಲಿ ನಿಂತು ಬರೆದೆ. ಒಂದೂವರೆ ಪುಟ ಆಯಿತು. ಸ್ಟ್ಯಾಂಪ್ ಪ್ಯಾಡ್ ದಾಟಿಸಲಾ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. "ನಿನ್ನ ಹತ್ತಿರ ಇರಲಿ, ಯುಗಾದಿ ಕಳೀಲಿ" ಅಂದರು.

ಫ್ರಿಜ್ ಮೇಲೆ ಇಟ್ಟಿದ್ದೇನೆ. ಸರ್, ತಾರೀಖು ಇವತ್ತಿನದೇ ಹಾಕಬೇಕಾ?

ನಿವೃತ್ತಕೇಸ್‌ವರ್ಕರ್ · ಭಾನುವಾರ, ಸಂಜೆ 6:10

ಬೇಡ, ಖಾಲಿ ಬಿಡಿ. ಕೊಡುವ ದಿನ ಹಾಕಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ. ಹೆಬ್ಬೆಟ್ಟಿನ ಪಕ್ಕ "ಓದಿ ಹೇಳಿದ್ದೇನೆ" ಅಂತ ಬರೆದು ನಿಮ್ಮ ಸಹಿ ಹಾಕಬೇಕು. ಹೆಸರು ಹೊರಗೆ ಬರುತ್ತದೆ, ಅದಕ್ಕೆ ತಯಾರಾಗಿ. ಇಲ್ಲವಾದರೆ ಆ ಶನಿವಾರ ಬಂದಿದ್ದ ಮೇಡಂ ಕೈಲೇ ಓದಿಸಿ ಹಾಕಿಸಿ.